ಬೆಕ್ಕಿನ ತೋಟ, ನಾಯಿಗಳ ದ್ವೀಪ

ಪ್ರಾಣಿಗಳ ಮಾತು ಬಂದಾಗ ಉರ್ದುವಿನಲ್ಲಿ ನಾವು ‘ಬೇಜುಬಾನ್’ ಎನ್ನುತ್ತೇವೆ. ಕನ್ನಡದಲ್ಲಿ ‘ಮೂಕಪ್ರಾಣಿ’ ಎನ್ನುತ್ತೇವೆ. ಎರಡೂ ಕರುಣೆಯಿಂದ ಹುಟ್ಟಿದ ಮಾತುಗಳೇ. ಆದರೆ ನಾಲಿಗೆಯೇ ಇಲ್ಲವೆಂದು ತೀರ್ಮಾನಿಸಿದ ಮೇಲೆ ‘ನಿನಗೇನು ಬೇಕು?’ ಎಂದು ಕೇಳುವ ಪ್ರಮೇಯ ಉಳಿಯುವುದಿಲ್ಲ. ಅನ್ನ ಹಾಕಿದರಾಯಿತು, ನೀರಿಟ್ಟರಾಯಿತು, ಮೇಲೊಂದು ಸೂರು ಹೊದಿಸಿದರಾಯಿತು. ದಿಕ್ಕಿಲ್ಲದ ನಾಯಿ ಬೆಕ್ಕುಗಳಿಗೆ ಮನುಷ್ಯ ಆಶ್ರಯ ಕಟ್ಟಿಕೊಟ್ಟ ಚರಿತ್ರೆಯನ್ನು ಓದುತ್ತಾ ಹೋದರೆ ಈ ಎರಡು ಶಬ್ದಗಳ ಹಿರಿಮೆಯೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ಆಶ್ರಯ ಕೊಡುವುದನ್ನು ನಾವು ಶತಮಾನಗಳ ಹಿಂದೆಯೇ ಕಲಿತಿದ್ದೆವು. ಆಶ್ರಯದೊಳಗೆ ಬಂದ ಜೀವ ಏನನ್ನು ಅನುಭವಿಸುತ್ತದೆ ಎಂದು ನೋಡಲು ಶುರುಮಾಡಿದ್ದು ತೀರಾ ಇತ್ತೀಚೆಗೆ.

13ನೇ ಶತಮಾನದ ಕೈರೋದಿಂದ ಆರಂಭಿಸೋಣ. 1260ರಿಂದ 1277ರವರೆಗೆ ಈಜಿಪ್ಟ್ ಮತ್ತು ಸಿರಿಯಾಗಳನ್ನು ಆಳಿದ ಮಮ್ಲೂಕ್ ಸುಲ್ತಾನ ಬೈಬರ್ಸ್ ಚರಿತ್ರೆಯಲ್ಲಿ ಹೆಸರಾದದ್ದು ಯುದ್ಧಗಳಿಂದ. ಒಂದು ಕಡೆ ಮಂಗೋಲರನ್ನು, ಇನ್ನೊಂದು ಕಡೆ ಶಿಲುಬೆಯ ಯೋಧರನ್ನು ಎದುರಿಸಿದವನು ಆತ. ಇಂಥ ಕಠಿಣ ಮನುಷ್ಯ ನಗರದ ಉತ್ತರಕ್ಕೆ, ತನ್ನ ಮಸೀದಿಯ ಬಳಿ, ಒಂದು ತೋಟವನ್ನು ದಿಕ್ಕಿಲ್ಲದ ಬೆಕ್ಕುಗಳ ಹೆಸರಿನಲ್ಲಿ ಬಿಟ್ಟುಹೋದ. ಜನ ಅದನ್ನು ‘ಗೈತುಲ್ ಕುತ್ತಾ’ ಎಂದು ಕರೆದರು. ಉರ್ದು ಬಲ್ಲವರು ಬೆಚ್ಚಬೇಕಾಗಿಲ್ಲ, ಈಜಿಪ್ಟಿನ ಅರಬಿಯಲ್ಲಿ ‘ಕುತ್ತಾ’ ಎಂದರೆ ಬೆಕ್ಕು! ತೋಟದ ಉತ್ಪತ್ತಿಯಿಂದ ಬೆಕ್ಕುಗಳಿಗೆ ಆಹಾರ ಸಲ್ಲಬೇಕೆಂಬುದು ವ್ಯವಸ್ಥೆ.

ಐದೂವರೆ ಶತಮಾನಗಳ ನಂತರ, 1830ರ ದಶಕದಲ್ಲಿ, ಎಡ್ವರ್ಡ್ ವಿಲಿಯಂ ಲೇನ್ ಎಂಬ ಇಂಗ್ಲಿಷ್ ವಿದ್ವಾಂಸ ಕೈರೋದಲ್ಲಿ ನೆಲೆಸಿ ಅಲ್ಲಿನ ಜನಜೀವನವನ್ನು ಕುರಿತು ಬರೆದ. 1836ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ಬೆಕ್ಕಿನ ತೋಟದ ಮುಂದಿನ ಕಥೆಯಿದೆ. ತೋಟ ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಗಿತ್ತು. ಹಾಳುಬಿದ್ದಿದೆ, ದುರಸ್ತಿಗೆ ಖರ್ಚು ಬಹಳ ಎಂಬುದು ಮಾರಿದವರು ಕೊಟ್ಟ ಕಾರಣ. ಬೆಕ್ಕುಗಳ ಪಾಲಿಗೆ ಉಳಿದದ್ದು ವರ್ಷಕ್ಕೆ 15 ಪಿಯಾಸ್ಟರ್‌ಗಳ ಗೇಣಿ ಮಾತ್ರ. ವಕ್ಫ್ ಆಸ್ತಿಗಳ ಗತಿಯನ್ನು ನಮ್ಮ ಊರುಗಳಲ್ಲಿ ಬಲ್ಲವರಿಗೆ ಈ ಕಥೆ ಹೊಸದಾಗಿ ಕೇಳಿಸಲಾರದು. ಕೊನೆಗೆ ಬೆಕ್ಕುಗಳ ಹೊಣೆ ಬಿದ್ದದ್ದು ಇಂಥ ದತ್ತಿಗಳ ಪಾಲಕನಾದ ಖಾಜಿಯ ಮೇಲೆ. ಪ್ರತಿದಿನ ಅಸರ್ ಮತ್ತು ಮಗ್ರಿಬ್ ನಡುವಿನ ಹೊತ್ತಿನಲ್ಲಿ ಖಾಜಿಯ ಮನೆಯ ದೊಡ್ಡ ಅಂಗಳಕ್ಕೆ ಕಸಾಯಿಖಾನೆಯ ಚೂರುಪಾರು ಮಾಂಸ ಬರುತ್ತಿತ್ತು, ಬೆಕ್ಕುಗಳು ಮುತ್ತಿಕೊಳ್ಳುತ್ತಿದ್ದವು. ಲೇನ್ ಇನ್ನೊಂದು ಮಾತನ್ನೂ ದಾಖಲಿಸಿದ್ದಾನೆ. ಮನೆಯ ಬೆಕ್ಕು ಬೇಡವಾದವರು ಅದನ್ನು ಖಾಜಿಯ ಅಂಗಳಕ್ಕೆ ತಂದು ಬಿಟ್ಟುಹೋಗುತ್ತಿದ್ದರಂತೆ. ಇವತ್ತಿನ ಯಾವುದೇ ಪ್ರಾಣಿ ಆಶ್ರಯಧಾಮದ ಗೇಟಿನ ಮುಂದೆ ರಾತ್ರೋರಾತ್ರಿ ಬಿಟ್ಟುಹೋದ ಮರಿಗಳ ರಟ್ಟಿನ ಪೆಟ್ಟಿಗೆಯನ್ನು ಇದು ನೆನಪಿಸುತ್ತದೆ. ಆಶ್ರಯವೊಂದು ಇದೆಯೆಂದು ಗೊತ್ತಾದ ಕೂಡಲೇ ಕೈಬಿಡುವುದು ಸುಲಭವಾಗುತ್ತದೆ.

ಆದರೂ ಆ ತೋಟದಲ್ಲಿ, ಆ ಅಂಗಳದಲ್ಲಿ ಒಂದು ಸಂಗತಿ ಗಮನಿಸಬೇಕು. ಅಲ್ಲಿ ಬೆಕ್ಕು ಬಂಧಿಯಾಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ತಿನ್ನುತ್ತಿತ್ತು, ಹೋಗುತ್ತಿತ್ತು. ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳಲ್ಲಿ ಬರುವ ಬೆಕ್ಕಿನ ಹದೀಸನ್ನು ನಮ್ಮಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ಬೆಕ್ಕೊಂದನ್ನು ಕೂಡಿಹಾಕಿ ಸಾಯಿಸಿದ ಹೆಂಗಸು ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿ(ಸ) ತಿಳಿಸಿದ ಸಂದರ್ಭ ಅದು. ಮದರಸಾದಲ್ಲಿ ನಾವು ಅದನ್ನು ‘ಊಟ ಹಾಕಲಿಲ್ಲ, ಅದಕ್ಕೇ ಶಿಕ್ಷೆ’ ಎಂದು ಕೇಳಿ ಬೆಳೆದವರು. ಆದರೆ ಹದೀಸಿನಲ್ಲಿ ಎರಡು ಆರೋಪಗಳಿವೆ: ತಾನೂ ಉಣಿಸಲಿಲ್ಲ, ನೆಲದ ಮೇಲಿನ ಹುಳಹುಪ್ಪಟೆಯನ್ನು ಹಿಡಿದು ತಿನ್ನಲು ಬಿಡಲೂ ಇಲ್ಲ. ಬೆಕ್ಕಿಗೆ ಬೇಟೆಯಾಡುವ ಸ್ವಭಾವವಿದೆ, ಅದಕ್ಕೊಂದು ಅವಕಾಶ ಬೇಕು ಎಂಬ ತಿಳಿವಳಿಕೆ ಆ ಎರಡನೆಯ ಮಾತಿನಲ್ಲಿ ಅಡಗಿದೆ.

ನಾಯಿಯ ವಿಷಯ ನಮ್ಮಲ್ಲಿ ಇಷ್ಟು ಸರಳವಲ್ಲ. ಬಾಯಾರಿದ ನಾಯಿಗೆ ಬಾವಿಯಿಂದ ನೀರು ಸೇದಿ ಕುಡಿಸಿದ್ದಕ್ಕೆ ಪಾಪ ಕ್ಷಮೆಯಾದ ಹದೀಸೂ ಇದೆ, ನಾಯಿ ನೆಕ್ಕಿದ ಪಾತ್ರೆಯನ್ನು ಹೇಗೆ ತೊಳೆಯಬೇಕೆಂಬ ವಿಧಿಯೂ ಇದೆ. ಶಾಫಿ ಪಂಥದವರಾದ ನಮ್ಮ ಕರಾವಳಿಯ ಬ್ಯಾರಿಗಳಲ್ಲಿ ಅದು ಏಳು ಸಲ, ಅದರಲ್ಲೊಮ್ಮೆ ಮಣ್ಣು ಹಚ್ಚಿ. ಮಾಲಿಕಿಗಳ ದೃಷ್ಟಿಯಲ್ಲಿ ಬದುಕಿರುವ ನಾಯಿ ಶುದ್ಧವೇ. ಶುದ್ಧಿ ಅಶುದ್ಧಿಯ ಈ ಚರ್ಚೆಯನ್ನು ನಮ್ಮ ಮುಹಲ್ಲಾಗಳ ಮಕ್ಕಳು ನಾಯಿಗೆ ಕಲ್ಲು ಹೊಡೆಯಲು ಸಿಕ್ಕ ಪರವಾನಗಿ ಎಂದು ತಿಳಿದುಕೊಂಡಿದ್ದಾರೆ, ದೊಡ್ಡವರು ತಿದ್ದುವುದಿಲ್ಲ. ಆದರೆ 9ನೇ ಶತಮಾನದ ಬಸ್ರಾದ ಅಲ್ ಜಾಹಿಜ್ ತನ್ನ ‘ಕಿತಾಬುಲ್ ಹಯವಾನ್’ನಲ್ಲಿ ನಾಯಿಯ ಪರ ಒಬ್ಬ, ಹುಂಜದ ಪರ ಇನ್ನೊಬ್ಬ ನಿಂತು ವಾದಿಸುವ ಸುದೀರ್ಘ ಸಂವಾದವನ್ನೇ ಬರೆದ. 921ರಲ್ಲಿ ತೀರಿಕೊಂಡ ಇಬ್ನುಲ್ ಮರ್ಜುಬಾನ್ ಎಂಬ ಬಗ್ದಾದಿನ ಲೇಖಕನ ಪುಸ್ತಕದ ಹೆಸರೇ, ಬಟ್ಟೆ ತೊಟ್ಟವರಲ್ಲಿ ಅನೇಕರಿಗಿಂತ ನಾಯಿಗಳೇ ಮೇಲು ಎಂದು ಸಾರುತ್ತದೆ. ನಾಯಿಯ ಸ್ವಭಾವವನ್ನು ಕಣ್ಣಿಟ್ಟು ನೋಡಿದವರು ನಮ್ಮ ಪರಂಪರೆಯಲ್ಲಿ ಇರಲಿಲ್ಲವೆನ್ನುವಂತಿಲ್ಲ.

ಒಟ್ಟೋಮನ್ನರ ಇಸ್ತಾಂಬುಲ್ ಈ ಇಬ್ಬಂದಿಯೊಡನೆ ಬದುಕುವ ದಾರಿಯನ್ನು ಕಂಡುಕೊಂಡಿತ್ತು. ನಾಯಿ ಮನೆಯೊಳಗೆ ಇಲ್ಲ, ಆದರೆ ಬೀದಿ ಅದರದೇ. ನಾಯಿ ಬೆಕ್ಕುಗಳಿಗಾಗಿ ಮಾಂಸದ ತುಣುಕುಗಳನ್ನು ಕೋಲಿಗೆ ಸಿಕ್ಕಿಸಿಕೊಂಡು ಮಾರುವವರಿದ್ದರು. ಪುಣ್ಯ ಬಯಸುವವರು ಅವರಿಂದ ಕೊಂಡು ಹಂಚುತ್ತಿದ್ದರು. 1867ರಲ್ಲಿ ಅಲ್ಲಿಗೆ ಬಂದ ಮಾರ್ಕ್ ಟ್ವೇನ್ ಸೇರಿದಂತೆ ಹಲವು ಪ್ರವಾಸಿಗಳು ಒಂದು ಸಂಗತಿಯನ್ನು ಸೋಜಿಗದಿಂದ ಬರೆದಿದ್ದಾರೆ. ಪ್ರತಿ ಗುಂಪಿಗೂ ಅದರದೇ ಬೀದಿ. ಗಡಿ ದಾಟಿ ಬಂದ ನಾಯಿಗೆ ಉಳಿಗಾಲವಿಲ್ಲ, ಗಡಿಯೊಳಗೆ ಮಾತ್ರ ದಾರಿಯ ನಟ್ಟನಡುವೆಯೇ ನಿಶ್ಚಿಂತೆಯ ನಿದ್ದೆ. ನಾಯಿಗೆ ಬೀದಿಯೆಂದರೆ ಪರಿಚಯದ ವಾಸನೆ, ಪರಿಚಯದ ಜನ, ಯಾರು ಮೇಲು ಯಾರು ಕೆಳಗೆ ಎಂದು ಆಗಲೇ ಇತ್ಯರ್ಥವಾದ ಒಂದು ಬಳಗ. ಇದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ದೇಶದಲ್ಲಿ ಆಶ್ರಯಧಾಮದ ಚರಿತ್ರೆ ಶುರುವಾಗುವುದು ಒಂದು ಗಲಭೆಯಿಂದ. ಬೊಂಬಾಯಿಯ ಕಂಪನಿ ಆಡಳಿತ ವರ್ಷದ ಕೆಲವು ಕಾಲ ಬೀದಿನಾಯಿಗಳನ್ನು ಕೊಲ್ಲಿಸುತ್ತಿತ್ತು, ಸತ್ತ ನಾಯಿಯೊಂದಕ್ಕೆ ಎಂಟಾಣೆ ಇನಾಮು. 1832ರಲ್ಲಿ ಈ ಅವಧಿಯನ್ನು ವಿಸ್ತರಿಸಿದಾಗ, ಜೂನ್ 6ರಂದು ಪಾರ್ಸಿಗಳು ಸಿಡಿದೆದ್ದರು. ಅವರಲ್ಲಿ ನಾಯಿಗೆ ಧಾರ್ಮಿಕ ಸ್ಥಾನವಿದೆ, ಸತ್ತವರ ಅಂತಿಮ ವಿಧಿಯಲ್ಲೂ ಅದರ ದೃಷ್ಟಿ ಬೇಕು. ಮರುದಿನ ಹರತಾಳಕ್ಕೆ ಜೈನರು, ಹಿಂದೂಗಳು, ಇಸ್ಮಾಯಿಲಿ ಮುಸ್ಲಿಮರೂ ಕೂಡಿದರು. ಅಂಗಡಿಗಳು ಮುಚ್ಚಿದವು, ಕೊಲಾಬಾದ ಸೈನಿಕರಿಗೆ ನೀರು ಮತ್ತು ದಿನಸಿಗೂ ಅಡ್ಡಿಯಾಯಿತು. ಈ ಕಹಿಯ ಬೆನ್ನಿಗೇ 1834ರಲ್ಲಿ ಜಮ್‌ಶೆಡ್‌ಜಿ ಜೀಜೀಭಾಯ್ ಮತ್ತು ಜೈನ ವರ್ತಕರು ಸೇರಿ ಭುಲೇಶ್ವರದಲ್ಲಿ ಬೊಂಬಾಯಿ ಪಿಂಜರಾಪೋಲನ್ನು ಸ್ಥಾಪಿಸಿದರು. ಇಂದು ಪಿಂಜರಾಪೋಲ್ ಎಂದರೆ ಮೈಸೂರಿನವರಿಗೂ ದನಕರುಗಳೇ ಕಣ್ಣಮುಂದೆ ಬರುತ್ತವೆ, ಬೊಂಬಾಯಿಯದು ಹುಟ್ಟಿದ್ದು ನಾಯಿಗಳ ನೆಪದಿಂದ. ಕೊಲ್ಲುವುದಕ್ಕೆ ಬದಲು ಕೂಡಿಡುವುದು, ಅದು ಆ ಕಾಲದ ದೊಡ್ಡ ದಯೆ. ಹೆಸರಿನಲ್ಲೇ ಪಂಜರವಿರುವುದು ಆಗ ಯಾರನ್ನೂ ಕಾಡಿರಲಾರದು.

ಲಂಡನ್ನಿನಲ್ಲಿ ಈ ಕೆಲಸಕ್ಕೆ ಕೈಹಾಕಿದ್ದು ಮೇರಿ ಟೀಲ್ಬಿ ಎಂಬ ಮಹಿಳೆ. 1860ರಲ್ಲಿ ಹಾಲೊವೇ ಬಡಾವಣೆಯ ಒಂದು ಕುದುರೆ ಲಾಯದಲ್ಲಿ, ದಾರಿ ತಪ್ಪಿದ ಮತ್ತು ಹಸಿದ ನಾಯಿಗಳಿಗೆ ತಾತ್ಕಾಲಿಕ ಮನೆಯೆಂಬ ಹೆಸರಿನಿಂದ ಅದು ಆರಂಭವಾಯಿತು. ಮನುಷ್ಯರಿಗೇ ಸೂರಿಲ್ಲದ ಊರಿನಲ್ಲಿ ನಾಯಿಗೆ ಮನೆಯೇ ಎಂದು ‘ಟೈಮ್ಸ್’ ಪತ್ರಿಕೆ ಗೇಲಿ ಮಾಡಿತು. ಎರಡು ವರ್ಷಗಳ ನಂತರ ಚಾರ್ಲ್ಸ್ ಡಿಕನ್ಸ್‌ನ ವಾರಪತ್ರಿಕೆಯಲ್ಲಿ ಬಂದ ಲೇಖನವೊಂದು ಅದರ ಪರವಾಗಿ ಮಾತನಾಡಿತು. 1871ರಲ್ಲಿ ಬ್ಯಾಟರ್‌ಸೀಗೆ ಸ್ಥಳಾಂತರಗೊಂಡ ಆ ಸಂಸ್ಥೆ 1883ರಿಂದ ಬೆಕ್ಕುಗಳನ್ನೂ ಸೇರಿಸಿಕೊಂಡಿತು, ಇಂದಿಗೂ ನಡೆಯುತ್ತಿದೆ.

ಆದರೆ ಆಶ್ರಯದ ಬಾಗಿಲಿಗೆ ಕಾನೂನು ಬಂದು ನಿಂತ ಮೇಲೆ ಅದರ ಸ್ವರೂಪ ಬದಲಾಯಿತು. 1867ರ ಲಂಡನ್ ಬೀದಿಗಳ ಕಾಯಿದೆ ದಿಕ್ಕಿಲ್ಲದ ನಾಯಿಯನ್ನು ಹಿಡಿಯುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಮೂರು ದಿನ ಕಾಯುವುದು, ಒಡೆಯ ಬಾರದಿದ್ದರೆ ಮಾರುವುದು ಅಥವಾ ಕೊಲ್ಲುವುದು. ಹೀಗೆ ಹಿಡಿದು ತಂದ ನಾಯಿಗಳು ಬ್ಯಾಟರ್‌ಸೀಯಂಥ ಕಡೆಗೇ ಬರತೊಡಗಿದವು. 1884ರಲ್ಲಿ ಅಲ್ಲಿ ನೋವಿಲ್ಲದೆ ಕೊಲ್ಲುವ ಅನಿಲಕೋಣೆಯೂ ಸ್ಥಾಪನೆಯಾಯಿತು. ನಮ್ಮ ಹಳ್ಳಿಗಳ ದನದ ದೊಡ್ಡಿ, ಉತ್ತರ ಕರ್ನಾಟಕದವರ ಕೊಂಡವಾಡ, ಇವುಗಳ ಲೆಕ್ಕಾಚಾರವೂ ಇದೇ: ಒಳಗಿರುವುದು ಯಾರದೋ ಸೊತ್ತು, ಗಡುವಿನೊಳಗೆ ಬಿಡಿಸಿಕೊಂಡು ಹೋಗಬೇಕು. ಬಿಡಿಸಿಕೊಳ್ಳಲು ಯಾರೂ ಇಲ್ಲದ ಜೀವಕ್ಕೆ ದೊಡ್ಡಿಯಲ್ಲಿ ಲೆಕ್ಕವಿಲ್ಲ. ಈ ಮೂರು ದಿನ ಎಂಬ ಗಡುವಿನ ಬಗೆಗೆ ಮುಂದೆ ಮತ್ತೆ ಮಾತಾಡೋಣ.

ಇಸ್ತಾಂಬುಲ್‌ಗೆ ಮರಳೋಣ. 1908ರ ಕ್ರಾಂತಿಯ ನಂತರ ಅಧಿಕಾರಕ್ಕೆ ಬಂದ ತರುಣ ತುರ್ಕರಿಗೆ ರಾಜಧಾನಿ ಪ್ಯಾರಿಸ್‌ನಂತೆ ಕಾಣಬೇಕಿತ್ತು. ಬೀದಿಯಲ್ಲಿ ಮಲಗಿದ ನಾಯಿ ಅವರ ಕಣ್ಣಿಗೆ ಹಳೆಯ ಕಾಲದ ಕೊಳೆ. ಊರಿನ ರೋಗಾಣು ಸಂಸ್ಥೆಯ ಫ್ರೆಂಚ್ ನಿರ್ದೇಶಕ ರೆಮ್ಲಿಂಜೆ, ನಾಯಿಗಳನ್ನು ಅನಿಲದಿಂದ ಕೊಂದು ಚರ್ಮ ಮತ್ತು ಕೊಬ್ಬಿನಿಂದ ಹಣ ಮಾಡುವ ಲೆಕ್ಕವನ್ನೇ ಕೊಟ್ಟಿದ್ದ. ಅದಾಗಲಿಲ್ಲ. 1910ರಲ್ಲಿ ನಾಯಿಗಳನ್ನು ಇಕ್ಕಳಗಳಿಂದ ಹಿಡಿದು, ಬೋನುಗಳಲ್ಲಿ ತುಂಬಿ, ಮರ್ಮರಾ ಸಮುದ್ರದ ಸಿವ್ರಿಯಾದಾ ಎಂಬ ಬೋಳು ದ್ವೀಪಕ್ಕೆ ಸಾಗಿಸಿದರು. ಅಲ್ಲಿ ಕುಡಿಯುವ ನೀರಿಲ್ಲ, ನೆರಳಿಲ್ಲ. ಎಷ್ಟು ನಾಯಿಗಳೆಂಬುದರಲ್ಲಿ ಅಂದಾಜುಗಳು ಬೇರೆಬೇರೆ: 30 ಸಾವಿರ ಎನ್ನುವವರಿದ್ದಾರೆ, 80 ಸಾವಿರ ಎನ್ನುವವರೂ ಇದ್ದಾರೆ. ಬೀದಿಯೊಂದೊಂದರ ಗಡಿ ಕಾಯ್ದುಕೊಂಡಿದ್ದ ಬಳಗಗಳನ್ನೆಲ್ಲ ಒಂದೇ ಬಂಡೆಯ ಮೇಲೆ ಸುರಿದರೆ ಏನಾಗಬೇಕೋ ಅದೇ ಆಯಿತು. ಹಸಿವಿಗೂ ಬಾಯಾರಿಕೆಗೂ ಮೊದಲು ಕಚ್ಚಾಟ, ಆಮೇಲೆ ಒಂದನ್ನೊಂದು ತಿನ್ನುವುದು. ಗಾಳಿ ಬೀಸಿದಾಗ ಅವುಗಳ ಊಳು ನಗರದ ದಡಕ್ಕೆ ಕೇಳಿಸುತ್ತಿತ್ತೆಂದು ಆ ಕಾಲದವರು ಹೇಳಿದ್ದಾರೆ. ಬೇಜುಬಾನ್‌ಗಳ ಕೂಗಿಗೆ ನಿದ್ದೆಗೆಟ್ಟ ಊರು! ಮುಂದೆ ಬಾಲ್ಕನ್ ಯುದ್ಧದಲ್ಲಿ ಸೋಲು ಬಂದಾಗ ಜನ ಅದನ್ನು ನಾಯಿಗಳ ಶಾಪವೆಂದರು. ಆ ದ್ವೀಪಕ್ಕೆ ‘ಹಯಿರ್‌ಸಿಜ್ ಅದಾ’ ಎಂಬ ಹೆಸರು ಅಂಟಿಕೊಂಡಿದೆ. ಅದರಲ್ಲಿರುವುದು ನಮಗೂ ಪರಿಚಯದ ‘ಖೈರ್’ ಶಬ್ದವೇ, ಖೈರಿಲ್ಲದ ದ್ವೀಪ ಎಂದು ಅರ್ಥ. ಈ ಘಟನೆಯನ್ನು ಕುರಿತು ಸೆರ್ಜ್ ಅವೆದಿಕಿಯಾನ್ ಮಾಡಿದ ಕಿರುಚಿತ್ರ 2010ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಕಿರುಚಿತ್ರಗಳ ಪಾಮ್ ದೋರ್ ಪಡೆಯಿತು.

ದ್ವೀಪಕ್ಕೆ ಸಾಗಿಸಿದವರು ತಾವು ಕೊಲ್ಲುತ್ತಿಲ್ಲ, ಬೇರೆ ಕಡೆ ಇಡುತ್ತಿದ್ದೇವೆ ಎಂದು ತಮ್ಮನ್ನು ತಾವೇ ನಂಬಿಸಿಕೊಂಡಿರಬಹುದು. ಕಣ್ಣಿಗೆ ಕಾಣದಂತೆ ಮಾಡುವುದು ಮತ್ತು ಆಶ್ರಯ ಕೊಡುವುದು, ಇವೆರಡರ ನಡುವಿನ ಗೆರೆ ತುಂಬಾ ತೆಳು. ಆ ಗೆರೆ ಎಲ್ಲಿದೆ ಎಂದು ತೋರಿಸಲು ಬೇಕಾದ ಅರಿವು ಬಂದದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ, ಅದೂ ಬಿಡಿಬಿಡಿಯಾಗಿ.

1961ರಲ್ಲಿ ಅಮೆರಿಕದ ಮೂವರು ಸಂಶೋಧಕರು ನಾಯಿಮರಿಗಳನ್ನು ಬೇಲಿಯೊಳಗೆ, ಮನುಷ್ಯರ ಸಂಪರ್ಕವಿಲ್ಲದೆ, ತಾಯಿಯೊಡನೆ ಬೆಳೆಸಿದರು. ಬೇರೆಬೇರೆ ವಯಸ್ಸಿನಲ್ಲಿ ಒಂದೊಂದು ಗುಂಪನ್ನು ಮನುಷ್ಯರ ಬಳಿಗೆ ತಂದರು. ಚಿಕ್ಕವಯಸ್ಸಿನಲ್ಲಿ ಬಂದವು ಬೇಗ ಹೊಂದಿಕೊಂಡವು. 14 ವಾರಗಳವರೆಗೆ ಮನುಷ್ಯನನ್ನೇ ಕಾಣದ ಮರಿಗಳು ಕಾಡುಪ್ರಾಣಿಗಳಂತೆ ಓಡಿಹೋಗುತ್ತಿದ್ದವು. 1965ರಲ್ಲಿ ಬಂದ ಸ್ಕಾಟ್ ಮತ್ತು ಫುಲ್ಲರ್ ಅವರ ದೊಡ್ಡ ಗ್ರಂಥ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ನಾಯಿಮರಿ ಲೋಕದೊಡನೆ ನೆಂಟಸ್ತಿಕೆ ಬೆಳೆಸುವ ಕಾಲ ಹೆಚ್ಚುಕಡಿಮೆ ಮೂರರಿಂದ ಹನ್ನೆರಡು ವಾರ. ಬೆಕ್ಕಿನ ಮರಿಗೆ ಈ ಬಾಗಿಲು ಇನ್ನೂ ಬೇಗ, ಎರಡರಿಂದ ಏಳು ವಾರಗಳೊಳಗೆ, ಮುಚ್ಚಿಕೊಳ್ಳುತ್ತದೆಂದು ಐಲೀನ್ ಕಾರ್ಶ್ 1980ರ ದಶಕದಲ್ಲಿ ತೋರಿಸಿದರು. ಇದರ ಅರ್ಥವೇನು? ಮನುಷ್ಯನ ಕೈ ಸೋಕದೆ ಬೆಳೆದ ಬೆಕ್ಕನ್ನು ದೊಡ್ಡದಾದ ಮೇಲೆ ಹಿಡಿದು ಬೋನಿನಲ್ಲಿಟ್ಟು ‘ಎಷ್ಟು ಪ್ರೀತಿ ಕೊಟ್ಟರೂ ಪರಚುತ್ತದೆ’ ಎಂದು ಬಯ್ಯುವುದರಲ್ಲಿ ಹುರುಳಿಲ್ಲ. ಅದಕ್ಕೆ ನಮ್ಮ ಪ್ರೀತಿಯೇ ಭಯ. ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಇದ್ದ ಜಾಗಕ್ಕೇ ಬಿಡುವುದು ಅಂಥ ಬೆಕ್ಕಿಗೆ ಕೊಡಬಹುದಾದ ಆಶ್ರಯ.

ಇನ್ನು ಆ ಮೂರು ದಿನಗಳ ಮಾತು. 1997ರಲ್ಲಿ ಅಮೆರಿಕದ ಓಹಾಯೋ ರಾಜ್ಯದಲ್ಲಿ ಮೈಕೇಲ್ ಹೆನೆಸಿ ಮತ್ತು ಸಂಗಡಿಗರು ಸರ್ಕಾರಿ ಆಶ್ರಯಧಾಮವೊಂದರ ನಾಯಿಗಳ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆದರು. ದೇಹ ಒತ್ತಡಕ್ಕೆ ಸಿಕ್ಕಾಗ ಏರುವ ಹಾರ್ಮೋನು ಅದು. ಅತಿ ಹೆಚ್ಚು ಕಂಡದ್ದು ಯಾವಾಗ? ಒಳಗೆ ಬಂದ ಮೊದಲ ಮೂರು ದಿನಗಳಲ್ಲಿ. ಒಂಬತ್ತು ದಿನ ದಾಟಿದ ನಾಯಿಗಳಲ್ಲಿ ಅದು ಇಳಿದಿತ್ತು. ಲಂಡನ್ನಿನ ಕಾಯಿದೆ ನಾಯಿಯ ಹಣೆಬರಹ ತೀರ್ಮಾನಿಸಿದ್ದು ಸರಿಯಾಗಿ ಅದು ಅತ್ಯಂತ ದಿಗಿಲುಗೊಂಡ ದಿನಗಳಲ್ಲೇ. ಹಲ್ಲು ಕಿರಿದ ನಾಯಿ ‘ಕ್ರೂರಿ’, ಮೂಲೆ ಸೇರಿದ ನಾಯಿ ‘ರೋಗಿಷ್ಟ’. ಹೊಸ ಊರಿನ ಪೊಲೀಸ್ ಠಾಣೆಯಲ್ಲಿ ರಾತ್ರಿ ಕಳೆದವನನ್ನು ಮರುದಿನ ಬೆಳಗ್ಗೆ ನೋಡಿ ಅವನ ಸ್ವಭಾವ ಬರೆದಿಟ್ಟರೆ ಹೇಗಿರುತ್ತದೆ? ಪಾತ್ರಗಳನ್ನು ಸೃಷ್ಟಿಸುವ ಕಸುಬಿನವರಾದ ನಮಗೆ ಇದು ಒಳ್ಳೆಯ ಪಾಠ. ಆಶ್ರಯಧಾಮಗಳಲ್ಲಿ ನಾಯಿಯ ಗುಣ ಪರೀಕ್ಷಿಸಲು ನಡೆಸುವ ಪರೀಕ್ಷೆಗಳು ಮನೆಯಲ್ಲಿ ಅದು ಹೇಗಿರುತ್ತದೆಂದು ಹೇಳುವುದರಲ್ಲಿ ನಾಣ್ಯ ಚಿಮ್ಮುವುದಕ್ಕಿಂತ ಹೆಚ್ಚು ಭರವಸೆಯವಲ್ಲ ಎಂದು ಪ್ಯಾಟ್ರೊನೆಕ್ ಮತ್ತು ಬ್ರಾಡ್ಲಿ 2016ರಲ್ಲಿ ವಾದಿಸಿದರು.

ನಾಯಿಯ ದೇಹ ಮಾತಾಡುತ್ತಲೇ ಇರುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಊಟವಿಲ್ಲದಿದ್ದರೂ ತುಟಿ ನೆಕ್ಕುತ್ತದೆ, ಮುಖ ತಿರುಗಿಸುತ್ತದೆ, ಕಣ್ಣಿನ ಬಿಳಿ ಕಾಣಿಸುತ್ತದೆ. ಇವೆಲ್ಲ ‘ನನಗೆ ಹೆದರಿಕೆಯಾಗುತ್ತಿದೆ, ದೂರ ಇರಿ’ ಎಂಬ ಮಾತುಗಳು. ಕೇಳಿಸಿಕೊಳ್ಳದಿದ್ದಾಗ ಗುರುಗುಟ್ಟುತ್ತದೆ. ಅದನ್ನೂ ಹೊಡೆದು ಅಡಗಿಸಿದರೆ ಮುಂದಿನ ಸಲ ಗುರುಗುಟ್ಟದೆಯೇ ಕಚ್ಚುತ್ತದೆ. ವಾರಗಟ್ಟಲೆ ಬೋನಿನಲ್ಲೇ ಉಳಿದ ನಾಯಿ ಗಿರಗಿರನೆ ಸುತ್ತುತ್ತದೆ, ಕಾಲನ್ನು ಗಾಯವಾಗುವಷ್ಟು ನೆಕ್ಕಿಕೊಳ್ಳುತ್ತದೆ. ಒಂದು ಬೊಗಳಿದರೆ ಸಾಲುಸಾಲು ಬೋನುಗಳು ದನಿಗೂಡುತ್ತವೆ, ಸಿಮೆಂಟು ಗೋಡೆಗಳ ನಡುವೆ ಆ ಸದ್ದು 100 ಡೆಸಿಬೆಲ್ ದಾಟಿದ್ದು ಅಳತೆಗಳಲ್ಲಿ ದಾಖಲಾಗಿದೆ. ನಮ್ಮ ಕಿವಿಗಿಂತ ಎಷ್ಟೋ ಸೂಕ್ಷ್ಮವಾದ ಕಿವಿಗಳು ಹಗಲೂ ರಾತ್ರಿ ಅದರೊಳಗೇ ಇರುತ್ತವೆ. ನೋಡುವವರಿಗೆ ಮಾತ್ರ ಅದು ‘ಜೋರು ನಾಯಿಗಳ’ ಜಾಗ.

ಬೆಕ್ಕು ಇದಕ್ಕೆ ತದ್ವಿರುದ್ಧ, ಅದರ ಸಂಕಟ ಸದ್ದು ಮಾಡುವುದಿಲ್ಲ. ಬೋನಿನ ಹಿಂಬದಿಗೆ ಒತ್ತಿಕೊಂಡು, ಕಾಲು ಮಡಚಿ, ಕಣ್ಣು ಮುಚ್ಚಿ ಕುಳಿತ ಬೆಕ್ಕನ್ನು ಕಂಡು ‘ಆರಾಮಾಗಿ ಮಲಗಿದೆ’ ಎನ್ನುತ್ತಾರೆ. ಮಲಗಿದಂತೆ ನಟಿಸುವುದು ದಿಗಿಲಿನ ಒಂದು ಗುರುತು. ಬೇರೆ ಮರೆ ಸಿಗದೆ ಮಲವಿಸರ್ಜನೆಯ ಮರಳಿನ ತಟ್ಟೆಯಲ್ಲೇ ಮುದುಡಿ ಕೂರುವ ಬೆಕ್ಕುಗಳಿವೆ. ಅಷ್ಟು ಶುಚಿಯ ಪ್ರಾಣಿ ಅಲ್ಲಿ ಕೂರಬೇಕಾದರೆ ಅದರ ಅವಸ್ಥೆ ಏನಿರಬೇಕು! ಕೆಲವು ದಿನ ಊಟ ಬಿಟ್ಟರೆ ಅದರ ಯಕೃತ್ತು ಕೆಡುತ್ತದೆ. ದೇಹದಲ್ಲಿ ಸುಪ್ತವಾಗಿದ್ದ ಹರ್ಪಿಸ್ ವೈರಸ್ಸು ಸ್ಥಳ ಬದಲಾದ ಒತ್ತಡಕ್ಕೇ ಎದ್ದು, ನೆಗಡಿ ಜ್ವರವಾಗಿ ಇಡೀ ಕೋಣೆಗೆ ಹರಡುತ್ತದೆ. 1997ರಲ್ಲಿ ಕೆಸ್ಲರ್ ಮತ್ತು ಟರ್ನರ್ ಬೆಕ್ಕಿನ ಭಂಗಿ, ಕಿವಿ, ಕಣ್ಣುಪಾಪೆ, ಉಸಿರು ನೋಡಿ ಒತ್ತಡಕ್ಕೆ ಅಂಕ ಕೊಡುವ ಕ್ರಮವನ್ನು ರೂಪಿಸಿದರು. ಹಾಲೆಂಡಿನಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಸರಳ. ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗಿಕೊಳ್ಳಲು ಒಂದೊಂದು ಪೆಟ್ಟಿಗೆ ಕೊಟ್ಟರು, 9ಕ್ಕೆ ಕೊಡಲಿಲ್ಲ. ಮೂರನೆಯ ದಿನಕ್ಕೇ ಪೆಟ್ಟಿಗೆಯಿದ್ದ ಬೆಕ್ಕುಗಳ ಒತ್ತಡ ಎದ್ದುಕಾಣುವಷ್ಟು ಕಡಿಮೆಯಾಗಿತ್ತು.

ಸ್ಥೂಲವಾಗಿ ಹೇಳುವುದಾದರೆ ಬೆಕ್ಕಿಗೆ ಮೊದಲು ಜಾಗ ಬೇಕು, ಆಮೇಲೆ ಜನ. ನಾಯಿಗೆ ಮೊದಲು ಜನ ಬೇಕು. ಬುಡಾಪೆಸ್ಟ್‌ನ ಸಂಶೋಧಕರು 2001ರಲ್ಲಿ ತೋರಿಸಿದ್ದು ನಮ್ಮನ್ನು ಬಹಳ ಕಾಲ ಕಾಡಿತು. ಆಶ್ರಯಧಾಮದಲ್ಲಿ ಮನುಷ್ಯರ ಒಡನಾಟ ಹೆಚ್ಚಿಲ್ಲದೆ ಇದ್ದ ದೊಡ್ಡ ನಾಯಿಗಳೊಡನೆ ಒಬ್ಬ ವ್ಯಕ್ತಿ ದಿನಕ್ಕೆ ಹತ್ತು ನಿಮಿಷದಂತೆ ಮೂರು ಸಲ ಕಾಲ ಕಳೆದರು, ಅಷ್ಟೇ. ಆಮೇಲಿನ ಪರೀಕ್ಷೆಯಲ್ಲಿ ಆ ನಾಯಿಗಳು, ಅವರು ಹೊರಗೆ ಹೋದರೆ ಬಾಗಿಲ ಬಳಿ ಕಾಯುವಷ್ಟು, ಒಳಗೆ ಬಂದರೆ ಓಡಿ ಹೋಗಿ ಮುಟ್ಟುವಷ್ಟು ಅವರನ್ನು ಹಚ್ಚಿಕೊಂಡಿದ್ದವು. ಒಟ್ಟು ಮೂವತ್ತು ನಿಮಿಷ! ಅಮೆರಿಕದಲ್ಲಿ 2006ರ ಇನ್ನೊಂದು ಅಧ್ಯಯನದಲ್ಲಿ ಎರಡನೆಯ ದಿನ ಮುಕ್ಕಾಲು ಗಂಟೆ ಒಬ್ಬರ ಜೊತೆ ಆಡಿ, ಸವರಿಸಿಕೊಂಡು, ಅಡ್ಡಾಡಿ ಬಂದ ನಾಯಿಗಳ ಕಾರ್ಟಿಸಾಲ್ ಮೂರನೆಯ ದಿನ ಉಳಿದವಕ್ಕಿಂತ ಕಡಿಮೆಯಿತ್ತು. 2019ರಲ್ಲಿ ಪ್ರಕಟವಾದ ಮತ್ತೊಂದರಲ್ಲಿ, ಐದು ಆಶ್ರಯಧಾಮಗಳ 207 ನಾಯಿಗಳನ್ನು ಒಂದೆರಡು ರಾತ್ರಿ ಯಾರಾದರೂ ಮನೆಗೆ ಕರೆದೊಯ್ದರು. ಮನೆಯಲ್ಲಿದ್ದಾಗ ಒತ್ತಡ ಇಳಿಯಿತು, ನಾಯಿಗಳು ಹೆಚ್ಚು ಹೊತ್ತು ವಿಶ್ರಮಿಸಿದವು. ಮರಳಿ ತಂದ ಮೇಲೆ ಒತ್ತಡ ಮತ್ತೆ ಮೊದಲಿನ ಮಟ್ಟಕ್ಕೇ ಏರಿತು, ಅದಕ್ಕಿಂತ ಮೇಲಕ್ಕೆ ಹೋಗಲಿಲ್ಲ.

ಇಷ್ಟೆಲ್ಲ ಗೊತ್ತಿರುವ ಕಾಲದಲ್ಲಿ ಎರಡು ದೇಶಗಳು ಮತ್ತೆ ಕೂಡಿಹಾಕುವ ಮಾತಾಡಿದವು. ತುರ್ಕಿಯ 2004ರ 5199ನೇ ಕಾನೂನು ಬೀದಿನಾಯಿಗೆ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕೆಂದಿತ್ತು. ಸ್ಥಳೀಯ ಆಡಳಿತಗಳು ಆ ಕೆಲಸವನ್ನು ಸರಿಯಾಗಿ ಮಾಡಲಿಲ್ಲ. ನಾಯಿಗಳ ದಾಳಿಯಲ್ಲಿ ಮಕ್ಕಳು ಗಾಯಗೊಂಡರು, ಸತ್ತರು. 2024ರ ಜುಲೈ ಕೊನೆಯಲ್ಲಿ ಸಂಸತ್ತು ಕಾನೂನನ್ನು ತಿದ್ದಿ ಎಲ್ಲ ಬೀದಿನಾಯಿಗಳನ್ನೂ ಆಶ್ರಯಧಾಮಗಳಿಗೆ ಸಾಗಿಸಬೇಕೆಂದಿತು. ಆಗ ಸರ್ಕಾರದ ಅಂದಾಜಿನಂತೆ ಬೀದಿಯಲ್ಲಿದ್ದ ನಾಯಿಗಳು ಸುಮಾರು 40 ಲಕ್ಷ, ಇದ್ದ 322 ಆಶ್ರಯಧಾಮಗಳ ಸಾಮರ್ಥ್ಯ 1.05 ಲಕ್ಷ. ವಿರೋಧಿಸಿದವರ ಬಾಯಲ್ಲಿ ಮತ್ತೆ ಕೇಳಿಬಂದದ್ದು 1910ರ ಆ ದ್ವೀಪದ ಹೆಸರು.

ನಮ್ಮಲ್ಲಿ 2001ರ ನಿಯಮಗಳೂ ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳೂ ಶಸ್ತ್ರಚಿಕಿತ್ಸೆ ಮಾಡಿ ಅದೇ ಬೀದಿಗೆ ಮರಳಿಸುವ ದಾರಿಯನ್ನೇ ಹಿಡಿದವು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದಿಲ್ಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಆಶ್ರಯಧಾಮಗಳಿಗೆ ಸಾಗಿಸಲು ಹೇಳಿತು. ಆಗಸ್ಟ್ 22ರಂದು ಮೂವರ ಪೀಠ ಅದನ್ನು ಮಾರ್ಪಡಿಸಿ, ರೇಬೀಸ್ ತಗುಲಿದವು ಮತ್ತು ಆಕ್ರಮಣಕಾರಿ ನಾಯಿಗಳ ಹೊರತು ಉಳಿದವನ್ನು ಚಿಕಿತ್ಸೆಯ ನಂತರ ಮರಳಿ ಬಿಡಲು ಸೂಚಿಸಿತು. ನವೆಂಬರ್ 7ರಂದು ದೇಶದಾದ್ಯಂತ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾ ಸಂಕೀರ್ಣಗಳ ಆವರಣದ ನಾಯಿಗಳನ್ನು ಆಶ್ರಯಧಾಮಕ್ಕೆ ಒಯ್ಯಬೇಕು, ಅದೇ ಜಾಗಕ್ಕೆ ಮರಳಿಸಕೂಡದು ಎಂದು ಆದೇಶಿಸಿತು. ಇದರ ಹಿಂದಿನ ನೋವು ಸುಳ್ಳಲ್ಲ. ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ 5,726 ಮಂದಿ ರೇಬೀಸ್‌ಗೆ ಬಲಿಯಾಗುತ್ತಾರೆ. ರೇಬೀಸ್ ಬಂದವರು ಹೇಗೆ ಸಾಯುತ್ತಾರೆಂದು ಒಮ್ಮೆ ಕಂಡವರ ಮುಂದೆ ನಾಯಿಯ ಮನಸ್ಸಿನ ಮಾತೆತ್ತಲು ಧೈರ್ಯ ಬೇಕು. ಕೂಲಿಗೆ ಹೋದ ತಾಯಿಯ ಮಗು ಬೀದಿಯಲ್ಲೇ ಆಡಬೇಕು, ಕಾರಿನಲ್ಲಿ ಓಡಾಡುವವರಿಗೆ ಆ ಭಯದ ಅಳತೆ ಸಿಗುವುದಿಲ್ಲ.

ಆದರೆ ಆಶ್ರಯಧಾಮ ಎಂದು ಆದೇಶದಲ್ಲಿ ಬರೆದ ಕೂಡಲೇ ಅದು ನೆಲದ ಮೇಲೆ ಏಳುವುದಿಲ್ಲ. 2023ರ ಗಣತಿಯಲ್ಲಿ ಬೆಂಗಳೂರು ಒಂದರಲ್ಲೇ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಇವುಗಳಲ್ಲಿ ಹತ್ತರಲ್ಲೊಂದನ್ನು ಒಳಗಿಟ್ಟರೂ ಸುಮಾರು 28 ಸಾವಿರ. ಬುಡಾಪೆಸ್ಟಿನ ಲೆಕ್ಕದಂತೆ ಒಂದೊಂದಕ್ಕೆ ದಿನಕ್ಕೆ ಹತ್ತೇ ನಿಮಿಷ ಯಾರಾದರೂ ಹತ್ತಿರ ಕೂರಬೇಕೆಂದರೆ, ಎಂಟು ಗಂಟೆ ಇದೊಂದೇ ಕೆಲಸ ಮಾಡುವ 580ಕ್ಕೂ ಹೆಚ್ಚು ಮಂದಿ ಬೇಕು. ಬೋನು ತೊಳೆಯುವವರು, ಅಡುಗೆ ಮಾಡುವವರು, ವೈದ್ಯರು ಈ ಲೆಕ್ಕದಲ್ಲಿ ಬಂದಿಲ್ಲ. ಒಂದು ಬೀದಿಯ ನಾಯಿಗಳನ್ನು ಇನ್ನೊಂದು ಬೀದಿಯವುಗಳಿಂದ ಬೇರೆಯಾಗಿಡುವ ಗೋಡೆಗಳೂ ಬಂದಿಲ್ಲ.